ಲೂಯಿಸ್ ಎಫ್‌ಸಿ, ಡ್ರಿಪ್ಪಿಂಗ್ ಪ್ಯಾನ್ ಮೈದಾನ: ಅಪ್ಪನ ಜೊತೆ ಒಂದು ಮ್ಯಾಚು, ಮಗಳ ಜೊತೆ ಇನ್ನೊಂದು

ಶನಿವಾರ ಮಧ್ಯಾಹ್ನ ಇಂಗ್ಲೆಂಡಿನ ದಕ್ಷಿಣ ತೀರದ ಬ್ರೈಟನ್‌ನಲ್ಲಿ ಲೂಯಿಸ್ ಕಡೆಯ ರೈಲು ಹತ್ತಿದರೆ ಬೋಗಿ ತುಂಬ ನೀಲಿ-ಬಿಳಿ ಪಟ್ಟೆಯ ಜೆರ್ಸಿಗಳು. ಫಾಲ್ಮರ್ ಸ್ಟೇಷನ್ ಬಂದ ಕೂಡಲೇ ಅಷ್ಟೂ ಜನ ಇಳಿದುಬಿಡುತ್ತಾರೆ. ಅಲ್ಲಿರುವುದು ಬ್ರೈಟನ್ ತಂಡದ ದೊಡ್ಡ ಸ್ಟೇಡಿಯಂ, ಮೂವತ್ತು ಸಾವಿರಕ್ಕೂ ಹೆಚ್ಚು ಸೀಟು, ಪ್ರೀಮಿಯರ್ ಲೀಗ್. ಬಾಗಿಲು ಮುಚ್ಚಿಕೊಂಡ ಮೇಲೆ ಬೋಗಿಯಲ್ಲಿ ಉಳಿಯುವುದು ಹತ್ತಿಪ್ಪತ್ತು ಮಂದಿ. ಅವರಲ್ಲಿ ಕೆಲವರ ಕೊರಳಲ್ಲಿ ಕೆಂಪು-ಕಪ್ಪು ಮಫ್ಲರ್ ಇರುತ್ತದೆ. ಅವರು ಇಳಿಯುವುದು ಮುಂದಿನ ಸ್ಟೇಷನ್ನಿನಲ್ಲಿ, ಲೂಯಿಸ್‌ನಲ್ಲಿ. ನಾನು ಬರೆಯುತ್ತಿರುವುದು ಆ ಮುಂದಿನ ಸ್ಟೇಷನ್ನಿನ ತಂಡದ ಬಗ್ಗೆ.

ಲಂಡನ್, ಕ್ರಾಲಿ, ಬ್ರೈಟನ್ ಸುತ್ತಮುತ್ತ ಇರುವ ಕನ್ನಡದ ಮನೆಯವರು ಯಾರಾದರೂ "ವಾರದ ಕೊನೆಗೆ ಮಕ್ಕಳನ್ನು ಕರ್ಕೊಂಡು ಎಲ್ಲಿಗೆ ಹೋಗೋದು" ಅಂತ ಕೇಳಿದರೆ ನಾನು ಮೊದಲು ಹೇಳುವ ಜಾಗ ಇದು. ಎರಡು ವರ್ಷದಲ್ಲಿ ಹತ್ತಾರು ಸಲ ಹೋಗಿದ್ದೇನೆ. ಅದರಲ್ಲಿ ಎರಡು ಸಲದ್ದನ್ನು ಮಾತ್ರ ವಿವರವಾಗಿ ಹೇಳುತ್ತೇನೆ.

ಮೊದಲನೆಯದು 2023ರ ಅಕ್ಟೋಬರ್. ಬೆಂಗಳೂರಿನಿಂದ ಅಪ್ಪ ಬಂದಿದ್ದರು. ಅಪ್ಪ ದೂರವಾಣಿನಗರದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ನಾನು ಬೆಳೆದದ್ದೂ ಅದೇ ಕಾಲೊನಿಯಲ್ಲಿ. ಐಟಿಐ, ಎಚ್‌ಎಎಲ್ ಥರದ ಕಾರ್ಖಾನೆಗಳಿಗೆ ಆಗ ಸ್ವಂತ ಫುಟ್‌ಬಾಲ್ ತಂಡ ಇತ್ತು. ಆಟಗಾರರು ಕಾರ್ಖಾನೆಯ ನೌಕರರೇ. ಅಪ್ಪನಿಗೆ ಫುಟ್‌ಬಾಲ್ ಅಂದರೆ ಅಂದಿಗೂ ಇಂದಿಗೂ ಅದೇ: ನಿನ್ನೆ ಕ್ಯಾಂಟೀನಿನಲ್ಲಿ ಪಕ್ಕದಲ್ಲಿ ಕೂತು ಮುದ್ದೆ ಉಂಡವನು ಇವತ್ತು ಗೋಲು ಹೊಡೆಯುವುದು. ಆ ವರ್ಷದ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಾಗ ಅಪ್ಪ ರಾತ್ರಿಯೇ ಫೋನ್ ಮಾಡಿದ್ದರು. ಅದಕ್ಕೂ ಮುಂಚೆ ನಾವು ಗೆದ್ದದ್ದು 1968-69ರಲ್ಲಿ, ಮೈಸೂರು ರಾಜ್ಯ ಅನ್ನೋ ಹೆಸರಿನಲ್ಲಿ. "ಐವತ್ನಾಲ್ಕು ವರ್ಷ ಆಯ್ತಮ್ಮ" ಅಂದಾಗ ಅವರ ಗಂಟಲು ಕಟ್ಟಿತ್ತು.

ಇಂಥವರನ್ನು ಇಲ್ಲಿಯವರೆಗೂ ಕರೆಸಿಕೊಂಡು ಟಿವಿಯ ಮುಂದೆ ಕೂರಿಸಲು ಮನಸ್ಸು ಬರಲಿಲ್ಲ. ದೊಡ್ಡ ಸ್ಟೇಡಿಯಂನ ಮೆಟ್ಟಿಲು, ಅಷ್ಟು ಜನರ ನೂಕುನುಗ್ಗಲು ಅವರ ಮಂಡಿಗೆ ಆಗುವುದಿಲ್ಲ. ಕೆಲಸದಲ್ಲಿ ಜೊತೆಗಿರುವ ಒಬ್ಬರು "ಲೂಯಿಸ್‌ಗೆ ಹೋಗು, ಸ್ಟೇಷನ್ನಿನಿಂದ ಐದೇ ನಿಮಿಷ" ಅಂದರು. ಅವರ ಮಾತು ನಿಜ. ಸ್ಟೇಷನ್ನಿನಿಂದ ಹೊರಬಂದು ಮೌಂಟ್‌ಫೀಲ್ಡ್ ರಸ್ತೆಗೆ ತಿರುಗಿದರೆ ಆಯಿತು. ಅಪ್ಪ ಎಲ್ಲೂ ನಿಲ್ಲದೆ ನಡೆದರು.

ಮೈದಾನದ ಹೆಸರು ಡ್ರಿಪ್ಪಿಂಗ್ ಪ್ಯಾನ್. ಮಾಂಸ ಸುಡುವಾಗ ಇಳಿಯುವ ಕೊಬ್ಬು ಹಿಡಿಯಲು ಕೆಳಗೆ ಇಡುವ ತಟ್ಟೆಗೆ ಇಲ್ಲಿ ಹಾಗೆ ಹೇಳುತ್ತಾರೆ. ಹಳೆಯ ಕಾಲದಲ್ಲಿ ಪಕ್ಕದ ಮಠದ ಸನ್ಯಾಸಿಗಳು ಇಲ್ಲಿ ಉಪ್ಪು ಮಾಡುತ್ತಿದ್ದರು ಅನ್ನುವ ಕಥೆಯೂ ಊರಿನಲ್ಲಿದೆ. ಒಳಗೆ ಹೋಗಿ ನಿಂತರೆ ಹೆಸರಿನ ಅರ್ಥ ತಾನೇ ತಿಳಿಯುತ್ತದೆ. ಹುಲ್ಲು ಬೆಳೆದ ಏರಿ, ನಡುವೆ ತಗ್ಗಿನಲ್ಲಿ ಮೈದಾನ. ಅಪ್ಪ ಗೇಟು ದಾಟಿ ಎರಡು ನಿಮಿಷ ಸುಮ್ಮನೆ ನೋಡಿದರು. "ಇದು ಕೆರೆ ಅಂಗಳ ಇದ್ದ ಹಾಗಿದೆಯಲ್ಲೇ. ನಮ್ಮ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮೂ ಶೂಲೆ ಕೆರೆ ಮೇಲೇ ಕಟ್ಟಿದ್ದು" ಅಂದರು. ಆ ಸ್ಟೇಡಿಯಂ ಕೆರೆಯ ಜಾಗ ಅಂತ ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಬೆಂಗಳೂರಿನ ಒಂದು ವಿಷಯವನ್ನು ಇಂಗ್ಲೆಂಡಿನ ಒಂದು ತಗ್ಗಿನಲ್ಲಿ ನಿಂತು ಕಲಿತೆ.

ಒಂದು ಕಡೆ ಸೀಟುಗಳಿರುವ ಸ್ಟ್ಯಾಂಡು. ಗೋಲಿನ ಹಿಂದೆ ನಿಂತು ನೋಡುವ ಮೆಟ್ಟಿಲುಗಳಿಗೆ ಚಾವಣಿ ಇದೆ. ಏರಿಯ ಮೇಲೆ ಸಮುದ್ರತೀರದ ಬಣ್ಣದ ಮರದ ಗೂಡುಗಳ ಥರದ್ದನ್ನು ಸಾಲಾಗಿ ಇಟ್ಟಿದ್ದಾರೆ. ದೊಡ್ಡ ಕ್ಲಬ್ಬುಗಳಲ್ಲಿ ಗಾಜಿನ ಬಾಕ್ಸು ಇರುವಂತೆ ಇಲ್ಲಿ ಇವು. ಆಚೆ ಕಡೆ ಮೌಂಟ್ ಅನ್ನುವ ಮಣ್ಣಿನ ದಿಬ್ಬ, ದೂರಕ್ಕೆ ಸೌತ್ ಡೌನ್ಸ್ ಗುಡ್ಡಗಳು, ಅಲ್ಲಲ್ಲಿ ಸುಣ್ಣದ ಕಲ್ಲು ಬಿಳಿಯಾಗಿ ಕಾಣುತ್ತದೆ. ಆಟ ಬೇಜಾರಾದರೂ ಕಣ್ಣಿಗೆ ಬೇಜಾರಾಗದ ಜಾಗ.

ಪುರುಷರ ತಂಡ ಆಡುತ್ತಿದ್ದದ್ದು ಇಸ್ತ್‌ಮಿಯನ್ ಲೀಗಿನ ಪ್ರೀಮಿಯರ್ ಡಿವಿಷನ್‌ನಲ್ಲಿ. ಇಂಗ್ಲೆಂಡಿನ ಫುಟ್‌ಬಾಲ್ ಏಣಿಯಲ್ಲಿ ಅದು ಮೇಲಿನಿಂದ ಏಳನೆಯ ಮೆಟ್ಟಿಲು. ಸೆಮಿ-ಪ್ರೊಫೆಷನಲ್ ಅಂದರೆ ಆಟಕ್ಕೆ ದುಡ್ಡು ಸಿಗುತ್ತದೆ, ಆದರೆ ಸಂಸಾರ ನಡೆಸುವಷ್ಟು ಅಲ್ಲ. ಹಗಲು ಬೇರೆ ಕೆಲಸ, ವಾರದಲ್ಲಿ ಒಂದೆರಡು ಸಂಜೆ ಅಭ್ಯಾಸ, ಶನಿವಾರ ಮೂರು ಗಂಟೆಗೆ ಮ್ಯಾಚು. ಇದನ್ನು ನಾನು ಅಪ್ಪನಿಗೆ ವಿವರಿಸಲು ಹೋದೆ. ಅವರಿಗೆ ವಿವರಣೆ ಬೇಕಿರಲಿಲ್ಲ.

ನಾವು ನಿಂತದ್ದು ಮೈದಾನದ ಬದಿಯ ಗೆರೆಯ ಪಕ್ಕದ ಕಂಬಿಗೆ ಒರಗಿಕೊಂಡು. ಥ್ರೋ ಎಸೆಯಲು ಒಬ್ಬ ಹುಡುಗ ನಮ್ಮ ಮುಂದೆ ಬಂದು ನಿಂತ. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಅವನ ಉಸಿರಿನ ಹಬೆ ಕಾಣುತ್ತಿತ್ತು. ಚೆಂಡನ್ನು ತಲೆಯ ಹಿಂದಕ್ಕೆ ಒಯ್ದಾಗ ತೋಳು ಮೇಲೆದ್ದಿತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಸಣ್ಣ ಸಣ್ಣ ಬಿಳಿ ಚುಕ್ಕೆ. ಉಗುರಿನ ಸಂದಿಯಲ್ಲೂ ಬಿಳಿ. ಗೋಡೆಗೆ ಹೊಡೆಯುವ ಪೇಂಟು. ಸೋಪಿಗೆ ಹೋಗದೆ ಉಳಿದದ್ದು. ಅವನು ಎಸೆದು ಓಡಿಹೋದ.

ಅಪ್ಪ ನನ್ನ ಕಡೆ ತಿರುಗಿದರು. "ನೋಡ್ದೇನೇ? ಬೆಳಿಗ್ಗೆ ಎಲ್ಲೋ ಸೀಲಿಂಗಿಗೆ ಬಣ್ಣ ಹೊಡ್ದು ಬಂದಿದಾನೆ." ಆಮೇಲೆ ತಮ್ಮ ಬಲಗೈಯನ್ನು ಮುಂದೆ ಹಿಡಿದು ಹೆಬ್ಬೆರಳಿನ ಬುಡ ತೋರಿಸಿದರು. ಅಲ್ಲಿ ಸಾಲ್ಡರಿಂಗ್ ಕಾವಿಗೆ ಸುಟ್ಟ ಹಳೆಯ ಕಲೆ ಇದೆ, ಚಿಕ್ಕಂದಿನಿಂದ ನೋಡಿದ್ದೇನೆ. "ನಮ್ಮ ಹಾಫ್‌ಬ್ಯಾಕ್ ಒಬ್ಬ ಇದ್ದ. ಅವನ ಕೈಯೆಲ್ಲ ಇದೇ ಕಲೆ. ಮಧ್ಯಾಹ್ನದವರೆಗೂ ವೈರು ಸಾಲ್ಡರ್ ಮಾಡಿ, ಮೂರಕ್ಕೆ ಬೂಟು ಕಟ್ಟೋನು" ಅಂದರು. ಆಮೇಲೆ ಆಟ ಮುಗಿಯುವವರೆಗೂ ಅವರ ಕಣ್ಣು ಆ ಹುಡುಗನ ಮೇಲೇ ಇತ್ತು. ಅವನು ಒಂದು ಸಲ ಚೆಂಡು ಬಿಟ್ಟುಕೊಟ್ಟಾಗ "ಪರ್ವಾಗಿಲ್ಲ ಮಗಾ, ಪರ್ವಾಗಿಲ್ಲ" ಅಂತ ಕನ್ನಡದಲ್ಲೇ ಕೂಗಿದರು. ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸು, ನಾಯಿ ಹಿಡಿದುಕೊಂಡು ನಿಂತಿದ್ದವರು, ಮಾತು ತಿಳಿಯದಿದ್ದರೂ ತಲೆಯಾಡಿಸಿದರು.

ಇದೇ ನನಗೆ ಈ ಕ್ಲಬ್ಬಿನ ಮೊದಲ ಗುಣ. ಇಲ್ಲಿ ಆಟಗಾರರು ಮನುಷ್ಯರ ಗಾತ್ರದಲ್ಲಿ ಕಾಣುತ್ತಾರೆ. ಅವರ ಮಾತು ಕೇಳುತ್ತದೆ, ಬೈಗುಳವೂ ಕೇಳುತ್ತದೆ (ಚಿಕ್ಕ ಮಕ್ಕಳ ಜೊತೆ ಹೋಗುವವರು ತಿಳಿದಿರಿ), ಕಾಲಿಗೆ ಕಾಲು ತಾಗಿದ ಸದ್ದು ಕೇಳುತ್ತದೆ. ಟಿವಿಯಲ್ಲಿ ಫುಟ್‌ಬಾಲ್ ಸದ್ದಿಲ್ಲದೆ ಜಾರಿಕೊಂಡು ಹೋಗುವ ಆಟದ ಹಾಗೆ ಕಾಣುತ್ತದಲ್ಲ, ಅದು ಎಷ್ಟು ಭಾರದ ಆಟ ಅಂತ ಇಲ್ಲಿ ತಿಳಿಯಿತು. ಆಟದ ಮಟ್ಟದ ಬಗ್ಗೆ ಸುಳ್ಳು ಹೇಳುವುದಿಲ್ಲ. ಪಾಸು ತಪ್ಪುತ್ತದೆ, ಚೆಂಡು ಏರಿಯ ಮೇಲೆ ಹಾರಿಹೋಗುತ್ತದೆ, ಗಾಳಿ ಜೋರಾದರೆ ಇಡೀ ಅರ್ಧ ಗಂಟೆ ತಲೆಯಲ್ಲೇ ಆಟ. ಪ್ರೀಮಿಯರ್ ಲೀಗಿನ ನಯ ಬೇಕಾದವರು ಫಾಲ್ಮರ್‌ನಲ್ಲೇ ಇಳಿಯಬೇಕು.

ಇನ್ನೊಂದು ಸಂಗತಿ. ಇಲ್ಲಿ ಎಲ್ಲಿ ಬೇಕಾದರೂ ನಿಲ್ಲಬಹುದು. ಅರ್ಧ ಆಟ ಮುಗಿದು ತಂಡಗಳು ದಿಕ್ಕು ಬದಲಾಯಿಸಿದಾಗ ಊರಿನವರೂ ತಮ್ಮ ತಂಡ ಗೋಲು ಹೊಡೆಯುವ ಕಡೆಗೆ ನಡೆದು ಹೋಗುತ್ತಾರೆ. ನೂರಾರು ಜನ, ಕೈಯಲ್ಲಿ ಲೋಟ, ಮಕ್ಕಳು ಹೆಗಲ ಮೇಲೆ, ಮೈದಾನದ ಸುತ್ತ ಮೆಲ್ಲಗೆ ಸಾಗುವುದು ನಮ್ಮೂರ ತೇರಿನ ಹಿಂದೆ ನಡೆದ ಹಾಗೆ. ಬಿಯರ್ ಲೋಟ ಹಿಡಿದು ಕಂಬಿಗೆ ಒರಗಿ ಆಟ ನೋಡುವುದಕ್ಕೂ ಇಲ್ಲಿ ಅಡ್ಡಿಯಿಲ್ಲ. ಇಂಗ್ಲೆಂಡಿನ ಪುರುಷರ ಫುಟ್‌ಬಾಲ್‌ನ ಮೇಲಿನ ಐದು ಹಂತದ ಲೀಗುಗಳಲ್ಲಿ ಮೈದಾನ ಕಾಣುವ ಜಾಗದಲ್ಲಿ ಕುಡಿಯುವುದನ್ನು 1985ರ ಕಾನೂನು ತಡೆಯುತ್ತದೆ. ಏಳನೇ ಹಂತಕ್ಕೆ ಅದು ಬರುವುದಿಲ್ಲ. ನಾವು ಕುಡಿದದ್ದು ಚಹಾ. ಕಾಗದದ ಲೋಟ, ಕಡು ಬಣ್ಣ, ಕೈ ಬಿಸಿ ಮಾಡಿಕೊಳ್ಳಲು ಸಾಕು.

ತಿನ್ನಲು: ಸಸ್ಯಾಹಾರಿಗಳು ಚಿಪ್ಸ್ ಅನ್ನು ನಂಬಬಹುದು. ಬಿಸಿಬಿಸಿ, ದಪ್ಪ ತುಂಡು. ಇಲ್ಲಿಯವರು ಮೇಲೆ ವಿನಿಗರ್ ಸುರಿದುಕೊಳ್ಳುತ್ತಾರೆ. ನಾನು ಬ್ಯಾಗಿನಲ್ಲಿ ಸಣ್ಣ ಡಬ್ಬಿಯಲ್ಲಿ ಶೇಂಗಾ ಚಟ್ನಿಪುಡಿ ಒಯ್ಯುತ್ತೇನೆ. ಚಿಪ್ಸ್ ಇನ್ನೂ ಹೊಗೆಯಾಡುತ್ತಿರುವಾಗ ಉದುರಿಸಿದರೆ ಎಣ್ಣೆಗೆ ಪುಡಿ ಅಂಟಿಕೊಂಡು ಬೆಳ್ಳುಳ್ಳಿಯ ವಾಸನೆ ಏಳುತ್ತದೆ. ಆ ಚಳಿಯಲ್ಲಿ ಅದಕ್ಕಿಂತ ರುಚಿಯಾದದ್ದು ನಾನು ಈ ದೇಶದಲ್ಲಿ ತಿಂದಿಲ್ಲ. ನಾಯಿ ಹಿಡಿದಿದ್ದ ಆ ಅಮ್ಮನಿಗೂ ಅಪ್ಪ ಕೊಟ್ಟರು. ಆಮೇಲೆ ಪ್ರತಿ ಸಲ ಸಿಕ್ಕಾಗಲೂ ಆಕೆ ನನ್ನ ಬ್ಯಾಗಿನ ಕಡೆ ನೋಡುತ್ತಾರೆ.

ಈ ಕ್ಲಬ್ಬು ಯಾರದ್ದು ಅನ್ನುವ ವಿಷಯಕ್ಕೆ ಬರುತ್ತೇನೆ. ನಾನು ಇಷ್ಟು ಉದ್ದ ಬರೆಯಲು ಕಾರಣವೇ ಅದು.

ಲೂಯಿಸ್ ಎಫ್‌ಸಿ ಶುರುವಾದದ್ದು 1885ರಲ್ಲಿ. ಅಡ್ಡಹೆಸರು ರೂಕ್ಸ್, ರೂಕ್ ಅಂದರೆ ಇಲ್ಲಿಯ ಒಂದು ಜಾತಿಯ ಕಾಗೆ. 2008ರಲ್ಲಿ ತಂಡ ಒಂದು ಹಂತ ಮೇಲೇರಿ ಐದನೆಯ ಮೆಟ್ಟಿಲು ಮುಟ್ಟಿತು. ಆ ಎತ್ತರದ ಖರ್ಚು ತೂಗಲಿಲ್ಲ. ಒಂದೇ ವರ್ಷಕ್ಕೆ ಕೆಳಗಿಳಿಯಿತು, ಸಾಲ ಕುತ್ತಿಗೆಗೆ ಬಂತು. 2010ರಲ್ಲಿ ಊರಿನ ಕೆಲವು ಅಭಿಮಾನಿಗಳು ಸೇರಿ ಅದನ್ನು ಕೈಗೆ ತೆಗೆದುಕೊಂಡು, ಜನರೇ ಒಡೆಯರಾಗುವ ಸಂಸ್ಥೆಯಾಗಿ ಬದಲಾಯಿಸಿದರು. ಕ್ಲಬ್ಬಿಗೆ ಅದು 125ನೆಯ ವರ್ಷ. ವರ್ಷಕ್ಕೊಮ್ಮೆ ಚಂದಾ ಕೊಟ್ಟವರೆಲ್ಲ ಒಡೆಯರು. ಒಬ್ಬರಿಗೆ ಒಂದೇ ಪಾಲು, ಒಂದೇ ಮತ. ಎಷ್ಟೇ ದುಡ್ಡಿದ್ದರೂ ಎರಡನೆಯ ಮತ ಕೊಳ್ಳಲು ಆಗುವುದಿಲ್ಲ. ನಿರ್ದೇಶಕರನ್ನು ಒಡೆಯರೇ ಚುನಾಯಿಸುತ್ತಾರೆ. ಹಾಲಿನ ಸೊಸೈಟಿ ಕಂಡ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲೂ ಒಂದು ಎಮ್ಮೆಯವರಿಗೂ ಹತ್ತು ಎಮ್ಮೆಯವರಿಗೂ ಒಂದೇ ಓಟು.

ಅಪ್ಪನಿಗೆ ಈ ಕಥೆಯನ್ನು ವಾಪಸ್ ಬರುವ ರೈಲಿನಲ್ಲಿ ಹೇಳಿದೆ. ಬೆಂಗಳೂರಿನ ಕಾರ್ಖಾನೆ ತಂಡಗಳ ಕಾಲ ಒಂದೊಂದಾಗಿ ಮುಗಿಯುತ್ತ ಬಂದದ್ದನ್ನು ಕಣ್ಣಾರೆ ಕಂಡವರು ಅವರು. ಕಿಟಕಿಯ ಹೊರಗೆ ನೋಡುತ್ತ ಬಹಳ ಹೊತ್ತು ಕೂತಿದ್ದು, "ನಮಗೂ ಯಾರಾದ್ರೂ ಹೀಗೆ ಕೇಳಿದ್ರೆ ತಿಂಗಳ ಸಂಬಳದಲ್ಲಿ ಹತ್ತು ರೂಪಾಯಿ ಕೊಡ್ತಿದ್ವಿ. ಯಾರೂ ಕೇಳ್ಲಿಲ್ಲ" ಅಂದರು. ಬ್ರೈಟನ್ ಬರುವಷ್ಟರಲ್ಲಿ ನಾನು ಫೋನಿನಲ್ಲೇ ನಮ್ಮಿಬ್ಬರ ಹೆಸರಿನಲ್ಲಿ ಚಂದಾ ಕಟ್ಟಿದೆ. ಹತ್ತಾರು ದೇಶಗಳಲ್ಲಿ ಈ ಕ್ಲಬ್ಬಿಗೆ ಒಡೆಯರಿದ್ದಾರೆ. ದೂರವಾಣಿನಗರದಲ್ಲೂ ಒಬ್ಬರಿದ್ದಾರೆ. ಚುನಾವಣೆ ಬಂದಾಗ ಅಭ್ಯರ್ಥಿಗಳು ಬರೆದುಕೊಂಡದ್ದನ್ನು ನಾನು ವಾಟ್ಸಾಪ್ ಕಾಲಿನಲ್ಲಿ ಕನ್ನಡಕ್ಕೆ ತಿರುಗಿಸಿ ಓದುತ್ತೇನೆ. ಅಪ್ಪ ಒಬ್ಬೊಬ್ಬರದ್ದನ್ನೂ ಎರಡು ಸಲ ಓದಿಸಿ, ರಾತ್ರಿಯೆಲ್ಲ ಯೋಚನೆ ಮಾಡಿ, ಮರುದಿನ ಹೇಳುತ್ತಾರೆ.

ಎರಡನೆಯ ಭೇಟಿ 2025ರ ವಸಂತದಲ್ಲಿ, ಒಂದು ಭಾನುವಾರ, ಹನ್ನೊಂದು ವರ್ಷದ ಮಗಳ ಜೊತೆ. ಮಹಿಳಾ ತಂಡದ ಮ್ಯಾಚು.

ಇಲ್ಲಿ ಸ್ವಲ್ಪ ಹಿಂದಿನದನ್ನು ಹೇಳಬೇಕು. ನಾನು ಓದಿದ ಶಾಲೆಯಲ್ಲಿ ಆಟದ ಪೀರಿಯಡ್ ಬಂದರೆ ಹುಡುಗರಿಗೆ ಫುಟ್‌ಬಾಲ್, ಹುಡುಗಿಯರಿಗೆ ಥ್ರೋಬಾಲ್. ಮೈದಾನ ಒಂದೇ ಇದ್ದಿದ್ದರಿಂದ ನಾವು ಬೇವಿನ ಮರದ ಕೆಳಗೆ, ಕಾಲು ಭಾಗದ ಜಾಗದಲ್ಲಿ. ಒಂದು ದಿನ ನನ್ನ ಕಡೆ ಉರುಳಿ ಬಂದ ಫುಟ್‌ಬಾಲನ್ನು ಬೂಟುಗಾಲಿನಿಂದ ವಾಪಸ್ ಹೊಡೆದೆ. ಚೆನ್ನಾಗಿ ಹೋಯಿತು. ಮೇಷ್ಟ್ರು ಕರೆದು "ಕೈಯಲ್ಲಿ ಎತ್ತಿ ಕೊಡಮ್ಮ" ಅಂದರು. ಬೈಯಲಿಲ್ಲ, ಮೆಲ್ಲಗೇ ಹೇಳಿದರು. ಮೂವತ್ತು ವರ್ಷ ಆಯಿತು. ಆ ಚೆಂಡು ಪಾದಕ್ಕೆ ತಾಗಿದ್ದು ನನಗೆ ಈಗಲೂ ಗೊತ್ತಾಗುತ್ತದೆ.

ಹಾಗಾಗಿ 2017ರಲ್ಲಿ ಲೂಯಿಸ್ ಮಾಡಿದ್ದು ನನಗೆ ಬರೀ ಸುದ್ದಿಯಲ್ಲ. ಆ ವರ್ಷ ಈ ಕ್ಲಬ್ಬು ಪುರುಷರ ತಂಡಕ್ಕೂ ಮಹಿಳೆಯರ ತಂಡಕ್ಕೂ ಆಟಗಾರರ ಬಜೆಟ್ ಸಮ ಮಾಡಿತು. ಪ್ರೊಫೆಷನಲ್ ಆಗಲಿ ಸೆಮಿ-ಪ್ರೊಫೆಷನಲ್ ಆಗಲಿ, ಹಾಗೆ ಮಾಡಿದ ಮೊದಲ ಕ್ಲಬ್ಬು ಇದು. ಹೆಂಗಸರನ್ನು ಪಾರ್ಕಿನ ಯಾವುದೋ ಮೂಲೆಯ ಮೈದಾನಕ್ಕೆ ಕಳಿಸದೆ ಇದೇ ಡ್ರಿಪ್ಪಿಂಗ್ ಪ್ಯಾನಿನಲ್ಲಿ ಆಡಿಸುತ್ತಾರೆ. ಇಂಗ್ಲೆಂಡಿನ ಕ್ಲಬ್ಬುಗಳ ನಾಕ್‌ಔಟ್ ಟೂರ್ನಿಯಾದ ಎಫ್‌ಎ ಕಪ್‌ನಲ್ಲಿ ಗಂಡಸರಿಗೂ ಹೆಂಗಸರಿಗೂ ಕೊಡುವ ಬಹುಮಾನದ ನಡುವಿನ ಅಂತರದ ಬಗ್ಗೆ ಜೋರಾಗಿ ದನಿ ಎತ್ತಿದ್ದೂ ಇವರೇ. 2022-23ರಲ್ಲಿ ಮಹಿಳಾ ಕಪ್‌ನ ಒಟ್ಟು ಬಹುಮಾನ 30 ಲಕ್ಷ ಪೌಂಡಿಗೆ ಏರಿತು. ಪುರುಷರದ್ದು ಆಗಲೂ ಅದರ ಹಲವು ಪಟ್ಟು. ಅದೇ ಸೀಸನ್ನಿನಲ್ಲಿ, 2023ರ ಮಾರ್ಚ್‌ನಲ್ಲಿ, ಲೂಯಿಸ್ ಹೆಣ್ಣುಮಕ್ಕಳು ಕ್ವಾರ್ಟರ್‌ಫೈನಲ್ ತಲುಪಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಈ ತಗ್ಗಿನ ಮೈದಾನಕ್ಕೇ ಕರೆಸಿಕೊಂಡರು. 3-1ರಿಂದ ಸೋತರು. ಆ ದಿನ ನಾನು ಇರಲಿಲ್ಲ; ಅದೊಂದು ಕೊರಗು ನನಗಿದೆ.

ಮುಂದಿನ ವರ್ಷ, 2024ರಲ್ಲಿ, ಮಹಿಳಾ ತಂಡ ಎರಡನೆಯ ಹಂತದಿಂದ ಮೂರನೆಯದಕ್ಕೆ ಇಳಿಯಿತು. ಸಮ ಬಜೆಟ್ ಕೊಟ್ಟ ಮಾತ್ರಕ್ಕೆ ಗೆಲುವು ಬರುವುದಿಲ್ಲ ಅಂತ ಹಲವರು ಹೇಳಿದರು. ನನ್ನ ಲೆಕ್ಕ ಬೇರೆ. ಕೋಟಿಗಟ್ಟಲೆ ಆದಾಯದ ಪ್ರೀಮಿಯರ್ ಲೀಗ್ ಕ್ಲಬ್ಬುಗಳ ಮಹಿಳಾ ತಂಡಗಳ ಎದುರು, ಊರಿನವರ ಚಂದಾ ಮತ್ತು ಚಿಪ್ಸ್ ದುಡ್ಡಿನಲ್ಲಿ ಆರು ಸೀಸನ್ ನಿಂತದ್ದು ದೊಡ್ಡದು. ಇಳಿದ ಮೇಲೂ ಆಡುವ ಮೈದಾನ ಅದೇ, ಬಿಡಿಸುವ ಗೆರೆ ಅದೇ, ಹಚ್ಚುವ ದೀಪ ಅದೇ.

ಆ ಭಾನುವಾರ ರೈಲು ಹಳಿ ರಿಪೇರಿ ಅಂತ ನಮ್ಮನ್ನು ಬಸ್ಸಿಗೆ ಹಾಕಿದರು. ಮುಕ್ಕಾಲು ಗಂಟೆ ತಡವಾಯಿತು, ಮೊದಲ ಇಪ್ಪತ್ತು ನಿಮಿಷದ ಆಟ ತಪ್ಪಿತು, ಮಗಳು ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದಳು. ಭಾನುವಾರ ಹೋಗುವವರು ಹಿಂದಿನ ರಾತ್ರಿಯೇ ರೈಲಿನ ಸ್ಥಿತಿ ನೋಡಿಕೊಳ್ಳಿ. ಮೈದಾನಕ್ಕೆ ಕಾಲಿಟ್ಟ ಮೇಲೆ ಅವಳಿಗೆ ಸಿಟ್ಟು ನೆನಪಿರಲಿಲ್ಲ. ನೇರ ಗೋಲಿನ ಹಿಂದೆ ಹೋಗಿ ಕಂಬಿ ಹಿಡಿದು ನಿಂತಳು.

ಅಲ್ಲಿಂದ ಅವಳು ನೋಡಿದ್ದು ಪೂರಾ ಗೋಲ್‌ಕೀಪರ್ ಒಬ್ಬಳನ್ನೇ. ಆಕೆ ಒಂದು ನಿಮಿಷ ಬಾಯಿ ಮುಚ್ಚುವುದಿಲ್ಲ. ಎಡಕ್ಕೆ ಬಾ, ಹಿಂದೆ ಒಬ್ಬಳಿದಾಳೆ, ಹತ್ತಿರ ಹೋಗು, ಬಿಡು ಬಿಡು. ಚೆಂಡು ಆಚೆ ತುದಿಯಲ್ಲಿದ್ದರೂ ಕಾಲು ನಿಲ್ಲುವುದಿಲ್ಲ. ಮುಂಗಾಲಿನ ಮೇಲೆ ಎರಡು ಹೆಜ್ಜೆ ಎಡಕ್ಕೆ, ಎರಡು ಬಲಕ್ಕೆ. ಒಂದು ಕಾರ್ನರ್ ಬಂದಾಗ ಆರು ಜನರ ನಡುವೆ ಹಾರಿ ಚೆಂಡನ್ನು ಎರಡೂ ಮುಷ್ಟಿಯಲ್ಲಿ ಗುದ್ದಿದಳು. ಕೆಳಗೆ ಬಿದ್ದ ಸದ್ದು ನಮಗೆ ಕೇಳಿತು. ಎದ್ದು ಮೊಣಕೈ ಉಜ್ಜಿಕೊಂಡು ಮತ್ತೆ ಕೂಗಲು ಶುರು. ಮಗಳು ನನ್ನ ಕೈ ಬಿಗಿಯಾಗಿ ಹಿಡಿದಿದ್ದಳು. "ಅಮ್ಮಾ, ಅವ್ರು ಎಲ್ರಿಗೂ ಆರ್ಡರ್ ಮಾಡ್ತಾರೆ. ಎಲ್ರೂ ಕೇಳ್ತಾರೆ!"

ಆಟ ಮುಗಿದ ಮೇಲೆ ಆಟಗಾರ್ತಿಯರು ಕಂಬಿಯ ಹತ್ತಿರ ಬಂದು ಮಕ್ಕಳ ಜೊತೆ ಮಾತಾಡುತ್ತಾರೆ. ಗೋಲ್‌ಕೀಪರ್ ಬಂದು ಗ್ಲೌಸು ಬಿಚ್ಚದೆಯೇ ಅಂಗೈ ಚಾಚಿದಳು. ಮಗಳು ತನ್ನ ಕೈಯನ್ನು ಅದರ ಮೇಲಿಟ್ಟಳು. ಗ್ಲೌಸಿನ ಅಂಗೈ ಕೆಸರಾಗಿತ್ತು, ರಬ್ಬರು ಇನ್ನೂ ಅಂಟಂಟು. ಕೈ ತೆಗೆದಾಗ ಚಿಟ್ ಅಂತ ಸಣ್ಣ ಸದ್ದು. ವಾಪಸ್ ಬರುವಾಗ ಬಸ್ಸಿನಲ್ಲಿ ಆ ಕೈ ಒರೆಸಿಕೊಳ್ಳಲು ಬಿಡಲಿಲ್ಲ. ಈಗ ವಾರಕ್ಕೆರಡು ದಿನ ಮನೆ ಹತ್ತಿರದ ಹುಡುಗಿಯರ ತಂಡದಲ್ಲಿ ಗೋಲು ಕಾಯುತ್ತಾಳೆ. ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡದ ಹುಡುಗಿಯರು 2023ರಲ್ಲಿ ಇಂಡಿಯನ್ ವುಮೆನ್ಸ್ ಲೀಗಿನ ಫೈನಲ್ ಆಡಿದ್ದನ್ನು ಅವಳ ತಾತನೇ ಅವಳಿಗೆ ಹೇಳಿದ್ದು. ಬೇಸಿಗೆ ರಜೆಗೆ ಊರಿಗೆ ಹೋದಾಗ ಅವರ ಆಟ ನೋಡಬೇಕು ಅಂತ ಈಗಲೇ ಹಟ.

ಊರಿನ ಬಗ್ಗೆ. ಬೆಳಿಗ್ಗೆ ಹತ್ತಕ್ಕೇ ಬಂದು ಊರು ಸುತ್ತಿ ಮ್ಯಾಚಿಗೆ ಹೋಗುವುದು ಒಳ್ಳೆಯದು. ಸ್ಟೇಷನ್ನಿನಿಂದ ಏರು ರಸ್ತೆ ಹತ್ತಿದರೆ ಹೈ ಸ್ಟ್ರೀಟ್. ನಾರ್ಮನ್ನರ ಕೋಟೆ ಅಲ್ಲೇ. ಮೇಲೆ ಹತ್ತಿದರೆ ಊಸ್ ನದಿ, ಗುಡ್ಡ, ಕೆಂಪು ಹೆಂಚಿನ ಮನೆಗಳೆಲ್ಲ ಒಟ್ಟಿಗೆ ಕಾಣುತ್ತವೆ. ಸ್ವಲ್ಪ ಮುಂದೆ ಬುಲ್ ಹೌಸ್ ಅನ್ನುವ ಹಳೆಯ ಮನೆ. ಥಾಮಸ್ ಪೇಯ್ನ್ 1768ರಿಂದ 1774ರವರೆಗೆ ಸುಂಕದ ಅಧಿಕಾರಿಯಾಗಿ ಈ ಊರಿನಲ್ಲಿದ್ದ, ಆ ಮನೆಯಲ್ಲಿ ವಾಸವಿದ್ದ; ಇಲ್ಲಿಂದ ಅಮೆರಿಕಕ್ಕೆ ಹೋಗಿ ಅಲ್ಲಿಯ ಸ್ವಾತಂತ್ರ್ಯದ ಪರ ಬರೆದ. ಜನರ ಹಕ್ಕಿನ ಮಾತು ಈ ಊರಿನ ಗೋಡೆಗಳಿಗೆ ಹಳೆಯದು.

ಅಲ್ಲಿಂದ ಕೀರ್ ಸ್ಟ್ರೀಟ್ ಇಳಿಯಿರಿ. ಉರುಟು ಕಲ್ಲು ಹಾಸಿದ ಕಡಿದಾದ ಓಣಿ, ಮಳೆ ಬಂದಿದ್ದರೆ ಕಾಲು ಜೋಪಾನ, ವಯಸ್ಸಾದವರನ್ನು ಕರೆದೊಯ್ಯಬೇಡಿ. ಎರಡು ಗೋಡೆಗಳ ನಡುವಿನ ಸಣ್ಣ ಸಂದಿಗಳಿಗೆ ಇಲ್ಲಿಯವರು ಟ್ವಿಟನ್ ಅನ್ನುತ್ತಾರೆ. ಊರು ತುಂಬ ಅವೇ, ಮಕ್ಕಳಿಗೆ ಒಳ್ಳೆಯ ಆಟ. ಕೆಳಗೆ ಸೌತ್‌ಓವರ್ ಗ್ರೇಂಜ್ ತೋಟ. ನಡುವೆ ಹರಿಯುವ ತೊರೆಗೆ ವಿಂಟರ್‌ಬೋರ್ನ್ ಅಂತ ಹೆಸರು, ಮಳೆ-ಚಳಿಗಾಲದಲ್ಲಿ ಮಾತ್ರ ನೀರು. ಬುತ್ತಿ ಬಿಚ್ಚಲು ಅದೇ ಜಾಗ. ಅಲ್ಲಿಂದ ಮೈದಾನ ಹತ್ತಿರ. ಅದರ ಬೆನ್ನಿಗೇ ಸೇಂಟ್ ಪ್ಯಾಂಕ್ರಸ್ ಮಠದ ಪಾಳುಗೋಡೆಗಳು, ದೊರೆ ಎಂಟನೆಯ ಹೆನ್ರಿಯ ಕಾಲದಲ್ಲಿ ಕೆಡವಿದ್ದು. ನದಿಯ ದಡದ ಹಾರ್ವೀಸ್ ಬ್ರೂವರಿಯಲ್ಲಿ ಕುದಿಯುವ ದಿನವಾದರೆ ಇಡೀ ಪೇಟೆಗೆ ಬೇಯಿಸಿದ ಧಾನ್ಯದ ವಾಸನೆ. ಮಾಲ್ಟ್ ಹಿಟ್ಟಿನ ಗಂಜಿ ಕಾಯಿಸಿದ ಹಾಗೆ.

ನವೆಂಬರ್ 5ರ ಸುತ್ತ ಮಾತ್ರ ಯೋಚಿಸಿ ಹೋಗಿ. ಅಂದು ರಾತ್ರಿ ಈ ಊರಿನ ಬಾನ್‌ಫೈರ್ ಮೆರವಣಿಗೆ ಇಂಗ್ಲೆಂಡಿನಲ್ಲೇ ದೊಡ್ಡದು. 1555ರಿಂದ 1557ರ ನಡುವೆ ಇಲ್ಲಿ ಸುಟ್ಟು ಕೊಂದ 17 ಪ್ರಾಟೆಸ್ಟಂಟರ ನೆನಪಿಗೆ ಉರಿಯುವ ಶಿಲುಬೆಗಳನ್ನು ಹೊತ್ತು ನಡೆಯುತ್ತಾರೆ. ರಸ್ತೆಗಳೆಲ್ಲ ಬಂದ್, ಸಂಜೆ ರೈಲು ಲೂಯಿಸ್‌ನಲ್ಲಿ ನಿಲ್ಲದ ವರ್ಷಗಳೂ ಇವೆ.

ಇನ್ನು ಹೋಗುವವರಿಗೆ. ಟಿಕೆಟ್ ದರ ಸೀಸನ್ನಿಗೊಮ್ಮೆ ಬದಲಾಗುತ್ತದೆ, ಹೊರಡುವ ಮುಂಚೆ ನೋಡಿಕೊಳ್ಳಿ. ಮಳೆ ಅಥವಾ ಹಿಮದಿಂದ ಮ್ಯಾಚು ಮುಂದೂಡುವುದು ಈ ಹಂತದ ಫುಟ್‌ಬಾಲ್‌ನಲ್ಲಿ ಸಾಮಾನ್ಯ, ಅದನ್ನೂ ಬೆಳಿಗ್ಗೆ ಒಮ್ಮೆ ವಿಚಾರಿಸಿ. ಕಾರು ಬೇಡ, ಊರಿನ ರಸ್ತೆ ಸಣ್ಣ, ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ಆಟ ಮುಗಿಯುತ್ತದೆ. ಹುಲ್ಲಿನ ಏರಿಯ ಮೇಲೆ ಮಳೆಗೆ ಮರೆಯಿಲ್ಲ, ಗಾಳಿ ನೇರ ಮುಖಕ್ಕೆ. ಎರಡು ಜೊತೆ ಕಾಲುಚೀಲ, ಹಿಡಿತ ಇರುವ ಶೂ, ವಯಸ್ಸಾದವರಿಗೆ ಕೂರಲು ಒಂದು ಮಡಚಿದ ಕಂಬಳಿ. ಮೊದಲ ಸಲ ಹೋಗುವವರು ಮಹಿಳೆಯರ ಮ್ಯಾಚಿಗೇ ಹೋಗಿ, ಅದರಲ್ಲೂ ಮನೆಯಲ್ಲಿ ಹೆಣ್ಣುಮಗು ಇದ್ದರೆ.

ನಾವು ಇರುತ್ತೇವೆ. ಮೊದಲ ಅರ್ಧದಲ್ಲಿ ನಮ್ಮ ಗೋಲ್‌ಕೀಪರ್ ಯಾವ ಕಡೆ ಇರುತ್ತಾರೋ ಆ ಗೋಲಿನ ಹಿಂದೆ, ಕಂಬಿಗೆ ಒರಗಿ. ಎರಡನೇ ಅರ್ಧದಲ್ಲಿ ಆಚೆ ಕಡೆ. ಕನ್ನಡ ಕೇಳಿದರೆ ಬಂದು ಮಾತಾಡಿಸಿ. ಡಬ್ಬಿಯಲ್ಲಿ ಚಟ್ನಿಪುಡಿ ಇರುತ್ತದೆ.